ಡಿಕ್ಕಿಯಲ್ಲಿ 27 ಲೀಟರ್ ಗಾಳಿ: ಕಾರಿನ ಸಬ್‌ವೂಫರ್ ಪೆಟ್ಟಿಗೆಗೆ ಮನೆಯಲ್ಲೇ ಲೆಕ್ಕ



ಸೌದಿಯಲ್ಲಿರುವ ನಮ್ಮಂಥವರಿಗೆ ಹಾಡು ಕೇಳುವ ಕೋಣೆ ಎಂದರೆ ಕಾರು. ಮನೆಯಲ್ಲಿ ಟೀವಿ ಮಕ್ಕಳ ಪಾಲು, ಆಫೀಸಿನಲ್ಲಿ ಹಾಡು ಹಾಕುವಂತಿಲ್ಲ. ಉಳಿಯುವುದು ರಸ್ತೆ. ಅದಕ್ಕೇನೂ ಇಲ್ಲಿ ಕೊರತೆಯಿಲ್ಲ. ದಮ್ಮಾಮ್‌ನಿಂದ ರಿಯಾದ್‌ಗೆ ಸುಮಾರು 400 ಕಿಲೋಮೀಟರು, ಅಲ್ಲಿಂದ ಜಿದ್ದಾಕ್ಕೆ ಮತ್ತೆ 950ರ ಆಸುಪಾಸು. ಎರಡೂ ಬದಿಗೆ ಮರಳು, ಮಧ್ಯೆ ಒಂದಿಷ್ಟು ಒಂಟೆಗಳು. ಇಂಥ ದಾರಿಯಲ್ಲಿ ಅಣ್ಣಾವ್ರ ಹಾಡುಗಳು, ಇಳಯರಾಜಾ ಸಂಗೀತ ಕೊಟ್ಟ ಕನ್ನಡ ಚಿತ್ರಗಳ ಹಾಡುಗಳು, ಒಂದೆರಡು ಯಕ್ಷಗಾನದ ತಾಳಮದ್ದಳೆ ಇದ್ದುಬಿಟ್ಟರೆ ಊರೇ ಜೊತೆಗೆ ಬಂದ ಹಾಗೆ.

ಆದರೆ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಒಂದು ತೊಂದರೆ ಶುರುವಾಗುತ್ತದೆ. ಟೈರಿನ ಸದ್ದು, ಗಾಳಿಯ ಮೊರೆತ, ಎಸಿಯ ಫ್ಯಾನು ಎಲ್ಲ ಸೇರಿ ಕಾರಿನೊಳಗೆ ಒಂದು ಗುಂಯ್ ಎನ್ನುವ ತಗ್ಗು ದನಿ ತುಂಬಿಕೊಳ್ಳುತ್ತದೆ. ಹಾಡಿನಲ್ಲಿರುವ ತಗ್ಗು ದನಿಗಳನ್ನು ಅದು ನುಂಗಿಹಾಕುತ್ತದೆ. ಮೃದಂಗದ ಎಡಭಾಗ ಇಲ್ಲ, ಬೇಸ್ ಗಿಟಾರ್ ಇಲ್ಲ. ಬರೀ ಪಿಟೀಲು, ಕೊಳಲು, ತಾಳ. ನಾವೇನು ಮಾಡುತ್ತೇವೆ? ವಾಲ್ಯೂಮ್ ಏರಿಸುತ್ತೇವೆ. ತಗ್ಗಿನ ದನಿ ಆಗಲೂ ಬರುವುದಿಲ್ಲ, ಮೇಲಿನ ದನಿ ಮಾತ್ರ ಕಿವಿಗೆ ಚುಚ್ಚುತ್ತದೆ. ಹಿಂದಿನ ಸೀಟಿನಲ್ಲಿ ಮಲಗಿದ ಮಗು ಅಳುತ್ತಾ ಏಳುತ್ತದೆ.

ಸಬ್‌ವೂಫರ್ ಎಂದರೆ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಗಾಜನ್ನೂ ಅದುರಿಸುವ ಹುಡುಗರ ಆಟ ಎಂದು ನಮ್ಮಲ್ಲಿ ಅನೇಕರ ಅಭಿಪ್ರಾಯ. ನನ್ನದೂ ಹೆಚ್ಚುಕಡಿಮೆ ಹಾಗೇ ಇತ್ತು. ಲೆಕ್ಕ ಹಾಕಿ ಪೆಟ್ಟಿಗೆ ಮಾಡಿಸಿದ ಮೇಲೆ ತಿಳಿದದ್ದು ಬೇರೆ: ಸರಿಯಾದ ಸಬ್‌ವೂಫರ್ ಇದ್ದರೆ ಹಾಡನ್ನು ಸಣ್ಣ ದನಿಯಲ್ಲೇ ಪೂರ್ತಿಯಾಗಿ ಕೇಳಬಹುದು. ಆ ಲೆಕ್ಕಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಗಣಿತವೂ ಹೈಸ್ಕೂಲಿನದ್ದೇ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮನೆಯಲ್ಲಿ ಎದ್ದ ವಾದ

ವಿಷಯ ಶುರುವಾದದ್ದು ಹನ್ನೊಂದನೇ ತರಗತಿಯ ಮಗನಿಂದ. ಅವನ ಗೆಳೆಯನ ಮನೆಯವರು ಸನಾಯಿಯದ ಅಂಗಡಿಯೊಂದರಿಂದ 12 ಇಂಚಿನ ರೆಡಿಮೇಡ್ ಪೆಟ್ಟಿಗೆ ಹಾಕಿಸಿಕೊಂಡಿದ್ದರು. ನಮಗೂ ಅದೇ ಬೇಕು ಎಂದು ಹಟ. ಒಂದು ಶುಕ್ರವಾರ ಆ ಕಾರಿನಲ್ಲಿ ಕೂತು ಬಂದೆವು. ಯಾವ ಹಾಡು ಹಾಕಿದರೂ ಒಂದೇ ಸ್ವರದ "ದುಂ ದುಂ". ಬೇಸ್ ಗಿಟಾರ್ ಸ್ವರ ಬದಲಿಸಿದರೂ ಪೆಟ್ಟಿಗೆ ಬದಲಿಸುತ್ತಿರಲಿಲ್ಲ! ಡಿಕ್ಕಿ ತೆರೆದರೆ ಅರ್ಧ ಜಾಗ ಅದಕ್ಕೇ.

ನಮ್ಮವಳು ಒಂದೇ ಮಾತು ಕೇಳಿದಳು: "ರೀ, ಇದನ್ನಿಟ್ಟರೆ ಅಕ್ಕಿ ಚೀಲ ಎಲ್ಲಿಡೋದು? ಏರ್‌ಪೋರ್ಟಿಗೆ ಹೋಗುವಾಗ ಸೂಟ್‌ಕೇಸ್ ನನ್ನ ತಲೆ ಮೇಲಾ?"

"ಅಪ್ಪ, ಸಣ್ಣ ಪೆಟ್ಟಿಗೆ ಮಾಡಿಸಿದ್ರೆ ಆಯ್ತಲ್ಲ?" ಅಂದ ಮಗ.

ಸಣ್ಣದು ಎಂದರೆ ಎಷ್ಟು ಸಣ್ಣದು? ಎಷ್ಟು ಸಣ್ಣದಾದರೆ ದನಿ ಕೆಡುತ್ತದೆ? ಈ ಪ್ರಶ್ನೆಗೆ ಅಂಗಡಿಯವನ ಬಳಿ ಉತ್ತರ ಇರಲಿಲ್ಲ. "ಎಲ್ಲ ಕಾರಿಗೂ ಇದೇ ಹಾಕ್ತೀವಿ ಭಾಯ್" ಎಂಬುದಷ್ಟೇ ಅವನ ಮಾತು. ಉತ್ತರ ಇದ್ದದ್ದು ಕಂಪ್ಯೂಟರಿನಲ್ಲಿ.

ಸಬ್‌ವೂಫರ್ ಯಾವ ದನಿ ನುಡಿಸುತ್ತದೆ?

ಮನುಷ್ಯನ ಕಿವಿ ಕೇಳುವ ವ್ಯಾಪ್ತಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎನ್ನುತ್ತಾರೆ. ಸಬ್‌ವೂಫರ್‌ನ ಪಾಲು ಅದರಲ್ಲಿ ತೀರಾ ತಳದ ತುಣುಕು, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದು. ಗಂಡಸಿನ ಮಾತಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್. ಅಂದರೆ ಅಣ್ಣಾವ್ರ ದನಿ ಬರಬೇಕಾದದ್ದು ಬಾಗಿಲಿನ ಸ್ಪೀಕರಿನಿಂದಲೇ. ಡಿಕ್ಕಿಯೊಳಗಿಂದ ಯಾರೋ ಹಾಡುತ್ತಿರುವಂತೆ ಕೇಳಿಸಿದರೆ ಆಂಪ್ಲಿಫೈಯರಿನ ಕ್ರಾಸೋವರ್ ತಪ್ಪಾಗಿ ತಿರುಗಿದೆ ಎಂದೇ ಅರ್ಥ. ಅದನ್ನು 80ಕ್ಕೆ ಇಳಿಸಿ.

ಯಕ್ಷಗಾನದ ಚೆಂಡೆಗೂ ಸಬ್‌ವೂಫರ್‌ಗೂ ನಂಟು ಕಡಿಮೆ. ಅದರ ಪೆಟ್ಟು ಮೇಲಿನ ಸ್ವರದ್ದು. ಬೇಸ್ ಗಿಟಾರ್ ಹಾಗಲ್ಲ. ಅದರ ಅತಿ ದಪ್ಪ ತಂತಿಯ ಮೂಲ ಸ್ವರ 41 ಹರ್ಟ್ಸ್. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳಲ್ಲಿ ಇಳಯರಾಜಾ ಅವರ ಬೇಸ್ ಗಿಟಾರ್ ಹಾಡಿನ ಅಡಿಯಲ್ಲೇ ಬೇರೊಂದು ಹಾಡು ಹೆಣೆಯುತ್ತಾ ಹೋಗುತ್ತದೆ. ಕಾರಿನ ಮಾಮೂಲಿ ಸ್ಪೀಕರಿನಲ್ಲಿ ಅದರ ಅರ್ಧವೂ ಕೇಳಿಸುವುದಿಲ್ಲ. ಹಾಗಾಗಿ ನನ್ನ ಗುರಿ ಸರಳವಾಗಿತ್ತು: 41 ಹರ್ಟ್ಸ್ ಸ್ಪಷ್ಟವಾಗಿ ಕೇಳಬೇಕು, ಸ್ವರ ಬದಲಾದರೆ ಬದಲಾದದ್ದು ಗೊತ್ತಾಗಬೇಕು, ಅಕ್ಕಿ ಚೀಲಕ್ಕೆ ಜಾಗ ಉಳಿಯಬೇಕು.

ಗಾಳಿಯೇ ಸ್ಪ್ರಿಂಗ್

ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹಿಡಿಯನ್ನು ತಳ್ಳಿ ನೋಡಿ. ಒಳಗಿನ ಗಾಳಿ ಸ್ಪ್ರಿಂಗ್‌ನಂತೆ ವಾಪಸ್ ತಳ್ಳುತ್ತದೆ. ಮುಚ್ಚಿದ ಸಬ್‌ವೂಫರ್ ಪೆಟ್ಟಿಗೆಯ ಗುಟ್ಟು ಇಷ್ಟೇ. ಸ್ಪೀಕರಿನ ಕೋನ್ ಹಿಂದೆ ಮುಂದೆ ಚಲಿಸಿದಾಗ ಪೆಟ್ಟಿಗೆಯೊಳಗೆ ಸೆರೆಸಿಕ್ಕ ಗಾಳಿ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಪೆಟ್ಟಿಗೆ ಸಣ್ಣದಾದಷ್ಟೂ ಸ್ಪ್ರಿಂಗ್ ಬಿಗಿ, ದೊಡ್ಡದಾದಷ್ಟೂ ಸಡಿಲ.

ಇದನ್ನು ಮಾರುಕಟ್ಟೆಗೆ ತಂದವರು ಅಮೆರಿಕದ ಎಡ್ಗರ್ ವಿಲ್ಚರ್. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿ ಎಆರ್-1 ಎಂಬ ಸ್ಪೀಕರ್ ಹೊರತಂದರು. ಅಲ್ಲಿಯವರೆಗೆ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕು ಎಂಬ ನಂಬಿಕೆ ಇತ್ತು. ಸಣ್ಣ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿ ವಿಲ್ಚರ್ ಆ ನಂಬಿಕೆ ಮುರಿದರು.

ಲೆಕ್ಕವನ್ನು ನಮ್ಮ ಕೈಗೆ ಕೊಟ್ಟವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಇಬ್ಬರು. ನೆವಿಲ್ ಥೀಲ್ 1961ರಲ್ಲಿ ರಂಧ್ರವಿರುವ ಪೆಟ್ಟಿಗೆಗಳ ಬಗ್ಗೆ ಪ್ರಬಂಧ ಬರೆದರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಮುಚ್ಚಿದ ಪೆಟ್ಟಿಗೆಯೂ ಸೇರಿ ಇಡೀ ಲೆಕ್ಕವನ್ನು ವಿಸ್ತರಿಸಿದರು. ಇಂದಿಗೂ ಸ್ಪೀಕರ್ ತಯಾರಕರು ಕೊಡುವ ಅಂಕಿಗಳಿಗೆ ಥೀಲ್-ಸ್ಮಾಲ್ ಅಂಕಿಗಳು ಎಂದೇ ಹೆಸರು. ಯಾವ ತಂತ್ರಾಂಶ ತೆರೆದರೂ ಒಳಗೆ ಕೂತು ಲೆಕ್ಕ ಮಾಡುವವರು ಇವರಿಬ್ಬರೇ.

ಕೇಳಿ ಪಡೆಯಬೇಕಾದ ಮೂರು ಅಂಕಿ

ಸಬ್‌ವೂಫರ್ ಕೊಳ್ಳುವಾಗ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "1200 ವ್ಯಾಟ್" ಎಂದು ಬರೆದಿರುತ್ತದೆ. ಅದನ್ನು ಮರೆತುಬಿಡಿ. ಒಳಗಿನ ಕಾಗದದಲ್ಲೋ ತಯಾರಕರ ವೆಬ್‌ಸೈಟಿನಲ್ಲೋ ಇರುವ ಈ ಮೂರನ್ನು ಹುಡುಕಿ.

ಎಫ್‌ಎಸ್: ಪೆಟ್ಟಿಗೆ ಇಲ್ಲದೆ ಬರಿಗಾಳಿಯಲ್ಲಿ ಆ ಸ್ಪೀಕರ್ ತಾನಾಗಿ ತೂಗುವ ಕಂಪನ. ದೇವಸ್ಥಾನದ ಗಂಟೆಗೆ ತನ್ನದೇ ಸ್ವರ ಇರುವ ಹಾಗೆ ಇದಕ್ಕೂ ಒಂದು ಸ್ವರ.

ಕ್ಯೂಟಿಎಸ್: ಆ ತೂಗಾಟಕ್ಕೆ ಸ್ಪೀಕರ್ ತಾನೇ ಹಾಕಿಕೊಳ್ಳುವ ಕಡಿವಾಣದ ಅಳತೆ. ಅಂಕಿ ಸಣ್ಣದಿದ್ದರೆ ಕಡಿವಾಣ ಬಿಗಿ.

ವಿಎಎಸ್: ಸ್ಪೀಕರಿನ ಸ್ವಂತ ಸ್ಪ್ರಿಂಗ್ ಎಷ್ಟು ಲೀಟರ್ ಗಾಳಿಯ ಸ್ಪ್ರಿಂಗಿಗೆ ಸಮ ಎಂಬ ಅಳತೆ. ಕೆಲವರು ಇದನ್ನು "ವ್ಯಾಸ್" ಎಂದು ಓದುತ್ತಾರೆ. ಮಹಾಭಾರತದ ವ್ಯಾಸರೂ ಅಲ್ಲ, ವೃತ್ತದ ವ್ಯಾಸವೂ ಅಲ್ಲ!

ಈ ಮೂರು ಅಂಕಿ ಸಿಗದ ಸಬ್‌ವೂಫರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಅಳತೆ ಹೇಳದೆ ಬಟ್ಟೆ ಹೊಲಿಸಿದ ಹಾಗಾಗುತ್ತದೆ. ನಾವು ಆರಿಸಿದ 10 ಇಂಚಿನ ಸಬ್‌ವೂಫರಿನ ಅಂಕಿಗಳು ಹೀಗಿದ್ದವು: ಎಫ್‌ಎಸ್ 30 ಹರ್ಟ್ಸ್, ಕ್ಯೂಟಿಎಸ್ 0.45, ವಿಎಎಸ್ 40 ಲೀಟರ್. ನಿಮ್ಮದು ಬೇರೆ ಇರುತ್ತದೆ, ದಾರಿ ಮಾತ್ರ ಇದೇ.

ತಂತ್ರಾಂಶದ ಮುಂದೆ

ನಾವು ಬಳಸಿದ್ದು ವಿನ್‌ಐಎಸ್‌ಡಿ ಎಂಬ ಪುಕ್ಕಟೆ ತಂತ್ರಾಂಶ. ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹೊಸ ಪ್ರಾಜೆಕ್ಟ್ ತೆರೆದರೆ ಮೊದಲು ಸ್ಪೀಕರ್ ಯಾವುದು ಎಂದು ಕೇಳುತ್ತದೆ. ಅದರ ಪಟ್ಟಿಯಲ್ಲಿ ನಿಮ್ಮದಿದ್ದರೆ ಆರಿಸಬಹುದು, ಇಲ್ಲದಿದ್ದರೆ ಅಂಕಿಗಳನ್ನು ನೀವೇ ತುಂಬಬಹುದು. ಪಟ್ಟಿಯಲ್ಲಿದ್ದರೂ ಕಾಗದದ ಅಂಕಿಗಳೊಂದಿಗೆ ಒಮ್ಮೆ ತಾಳೆ ನೋಡುವುದು ಒಳ್ಳೆಯದು. ಆಮೇಲೆ ಪೆಟ್ಟಿಗೆಯ ಬಗೆ ಕೇಳುತ್ತದೆ: ಮುಚ್ಚಿದ್ದೋ, ರಂಧ್ರದ್ದೋ, ಬೇರೆಯದೋ. "ಕ್ಲೋಸ್ಡ್" ಎಂಬುದನ್ನು ಆರಿಸಿದರೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಎಡಕ್ಕೆ ತಗ್ಗು ದನಿ, ಬಲಕ್ಕೆ ಹೆಚ್ಚಿನ ದನಿ. ಗೆರೆ ಎಡಕ್ಕೆ ಎಲ್ಲಿ ಇಳಿಯಲು ಶುರುವಾಗುತ್ತದೋ ಅಲ್ಲಿಗೆ ನಿಮ್ಮ ಬೇಸ್ ಮುಗಿಯಿತು ಎಂದರ್ಥ.

ಇಲ್ಲಿ ತಿಳಿಯಬೇಕಾದ ಇನ್ನೊಂದೇ ಅಂಕಿ ಕ್ಯೂಟಿಸಿ. ಪೆಟ್ಟಿಗೆ ಮತ್ತು ಸ್ಪೀಕರ್ ಸೇರಿದ ಮೇಲೆ ಉಂಟಾಗುವ ಒಟ್ಟು ಕಡಿವಾಣ ಅದು. 0.707 ಇದ್ದರೆ ಗೆರೆ ಎಲ್ಲೂ ಉಬ್ಬದೆ ಸಮತಟ್ಟಾಗಿ ಬಂದು ಆಮೇಲೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಇಳಿಯುವ ಮೊದಲು ಒಂದು ಗುಡ್ಡ ಎದ್ದೇಳುತ್ತದೆ. ಆ ಗುಡ್ಡ ಎದ್ದ ಕಡೆಯ ಸ್ವರ ಉಳಿದದ್ದಕ್ಕಿಂತ ಹೆಚ್ಚು ಮೊಳಗುತ್ತದೆ, ನಿಲ್ಲಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಗೆಳೆಯರ ಕಾರಿನ ಒಂದೇ ಸ್ವರದ "ದುಂ ದುಂ" ನೆನಪಾಯಿತಲ್ಲ? ಇಂಥ ಗುಡ್ಡ ಎತ್ತರವಾದರೆ ಕೇಳುವುದು ಹಾಗೆಯೇ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರೂ ಕೂತೆವು. ಮಗ ಲೀಟರ್ ಬದಲಿಸುತ್ತಾ ಹೋದ, ಗೆರೆ ಕುಣಿಯುತ್ತಾ ಹೋಯಿತು.

- ಕ್ಯೂಟಿಸಿ 0.5: ಬೇಕಾದ ಗಾಳಿ 170 ಲೀಟರ್. ದನಿ ಅತಿ ಬಿಗಿ, ಆದರೆ ಡಿಕ್ಕಿಯೇ ಪೆಟ್ಟಿಗೆಯಾಗಬೇಕು!
- ಕ್ಯೂಟಿಸಿ 0.707: 27.2 ಲೀಟರ್. ಪೆಟ್ಟಿಗೆಯ ಸ್ವಂತ ಕಂಪನ 47 ಹರ್ಟ್ಸ್. ಗುಡ್ಡ ಇಲ್ಲ.
- ಕ್ಯೂಟಿಸಿ 0.8: 18.5 ಲೀಟರ್. ಕಂಪನ 53 ಹರ್ಟ್ಸ್. ಗುಡ್ಡ ಡೆಸಿಬೆಲ್‌ನ ಐದನೇ ಒಂದು ಭಾಗ, ಕಿವಿಗೆ ತಿಳಿಯದಷ್ಟು.
- ಕ್ಯೂಟಿಸಿ 1.0: 10.2 ಲೀಟರ್. ಕಂಪನ 67 ಹರ್ಟ್ಸ್. ಗುಡ್ಡ ಒಂದೂಕಾಲು ಡೆಸಿಬೆಲ್.

ಪಟ್ಟಿ ನೋಡಿದ ಕೂಡಲೇ ಜಗಳದ ಧಾಟಿಯೇ ಬದಲಾಯಿತು. ಅಲ್ಲಿಯವರೆಗೆ "ದೊಡ್ಡದು ಬೇಕು", "ಬೇಡವೇ ಬೇಡ" ಎಂದಿದ್ದ ವಾದ "27 ಲೀಟರೋ, ಹದಿನೆಂಟೂವರೆಯೋ" ಎಂಬಲ್ಲಿಗೆ ಬಂದು ನಿಂತಿತು. ಎರಡರ ನಡುವೆ ವ್ಯತ್ಯಾಸ ಎಂಟೂ ಮುಕ್ಕಾಲು ಲೀಟರ್, ಅಂದರೆ ಒಂದು ದೊಡ್ಡ ಕುಕ್ಕರಿನಷ್ಟು. ಅಷ್ಟು ಜಾಗಕ್ಕೆ ಸಿಗುವುದು ಆರು ಹರ್ಟ್ಸ್ ಆಳ. ತೀರ್ಮಾನಕ್ಕೆ ಇನ್ನೂ ಒಂದು ಪರೀಕ್ಷೆ ಬಾಕಿ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಕಂಪ್ಯೂಟರ್ ಇಲ್ಲದಿದ್ದರೆ?

ಕೈಲೆಕ್ಕ ಸಾಕು. ಬೇಕಾದ ಕ್ಯೂಟಿಸಿಯನ್ನು ಕ್ಯೂಟಿಎಸ್‌ನಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಒಂದು ಕಳೆಯಿರಿ. ಉಳಿದ ಅಂಕಿಯಿಂದ ವಿಎಎಸ್ ಅನ್ನು ಭಾಗಿಸಿದರೆ ಪೆಟ್ಟಿಗೆಯ ಲೀಟರ್ ಬಂತು. ನಮ್ಮ ಉದಾಹರಣೆಯಲ್ಲಿ 0.707 ಭಾಗಿಸು 0.45 ಅಂದರೆ 1.571. ಅದರ ವರ್ಗ 2.468, ಒಂದು ಕಳೆದರೆ 1.468. 40 ಲೀಟರನ್ನು ಇದರಿಂದ ಭಾಗಿಸಿದರೆ 27.2. ಪೆಟ್ಟಿಗೆಯ ಕಂಪನ ಬೇಕಾದರೆ 30ನ್ನು 1.571ರಿಂದ ಗುಣಿಸಿ: 47 ಹರ್ಟ್ಸ್. ತಂತ್ರಾಂಶ ಗಾಳಿಯ ಸಣ್ಣಪುಟ್ಟ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅದರ ಉತ್ತರ ಸ್ವಲ್ಪ ಆಚೀಚೆ ಬರಬಹುದು. ಮಕ್ಕಳಿಗೆ ವರ್ಗ, ಭಾಗಾಕಾರ ಯಾಕೆ ಕಲಿಯಬೇಕು ಎಂಬ ಪ್ರಶ್ನೆ ಬಂದರೆ ಇದನ್ನು ತೋರಿಸಿ.

ಆದರೂ ತಂತ್ರಾಂಶದಿಂದ ಒಂದು ಹೆಚ್ಚಿನ ಉಪಕಾರ ಇದೆ. ಆಂಪ್ಲಿಫೈಯರಿನ ವ್ಯಾಟ್ ಎಷ್ಟು ಎಂದು ಹೇಳಿದರೆ ಕೋನ್ ಎಷ್ಟು ಮಿಲಿಮೀಟರ್ ಹೊರಳುತ್ತದೆ ಎಂಬುದನ್ನು ಇನ್ನೊಂದು ಗೆರೆಯಲ್ಲಿ ತೋರಿಸುತ್ತದೆ. ತಯಾರಕರು ಹೇಳಿದ ಮಿತಿಯನ್ನು ಅದು ದಾಟಿದರೆ ವ್ಯಾಟ್ ಇಳಿಸಬೇಕು. ಮುಚ್ಚಿದ ಪೆಟ್ಟಿಗೆಯ ಒಳ್ಳೆಯ ಗುಣ ಎಂದರೆ ಎಷ್ಟು ತಗ್ಗಿನ ದನಿ ಬಂದರೂ ಗಾಳಿಯ ಸ್ಪ್ರಿಂಗ್ ಕೋನನ್ನು ಹಿಡಿದಿರುತ್ತದೆ. ರಂಧ್ರವಿರುವ ಪೆಟ್ಟಿಗೆಯಲ್ಲಿ ಒಂದು ಹಂತದ ಕೆಳಗೆ ಆ ಹಿಡಿತ ತಪ್ಪಿಹೋಗುತ್ತದೆ.

ಕಾರೇ ಕೊಡುವ ಬೋನಸ್

47 ಹರ್ಟ್ಸ್‌ಗೇ ಗೆರೆ ಇಳಿಯುತ್ತದೆ, ಹಾಗಾದರೆ ಬೇಸ್ ಗಿಟಾರಿನ 41 ಹರ್ಟ್ಸ್ ಹೇಗೆ ಕೇಳುತ್ತದೆ? ನಮ್ಮ ಮಗನ ಪ್ರಶ್ನೆಯೂ ಇದೇ. ಉತ್ತರ ಕಾರಿನ ಗಾತ್ರದಲ್ಲಿದೆ.

40 ಹರ್ಟ್ಸ್ ದನಿಯ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ಕಾರಿನ ಒಳಭಾಗ ಎರಡೂ ಮುಕ್ಕಾಲು ಮೀಟರ್ ಇದ್ದರೆ ಹೆಚ್ಚು. ಅಷ್ಟು ದೊಡ್ಡ ಅಲೆ ಇಷ್ಟು ಸಣ್ಣ ಜಾಗದಲ್ಲಿ ಅಲೆಯಾಗಿ ಓಡುವುದಿಲ್ಲ. ಇಡೀ ಕಾರಿನ ಗಾಳಿಯನ್ನೇ ಒಟ್ಟಿಗೆ ಒತ್ತಿ ಸಡಿಲಿಸುತ್ತದೆ. ಇದರಿಂದ ಸುಮಾರು 60 ಹರ್ಟ್ಸ್‌ಗಿಂತ ಕೆಳಗೆ ಹೋದಷ್ಟೂ ದನಿ ತಾನಾಗಿ ಬಲಗೊಳ್ಳುತ್ತದೆ. ಸಿದ್ಧಾಂತದ ಪ್ರಕಾರ ಒಂದು ಸ್ಥಾಯಿ ಇಳಿದರೆ 12 ಡೆಸಿಬೆಲ್ ಏರಿಕೆ. ಮುಚ್ಚಿದ ಪೆಟ್ಟಿಗೆಯ ದನಿ ಇಳಿಯುವುದೂ ಒಂದು ಸ್ಥಾಯಿಗೆ 12 ಡೆಸಿಬೆಲ್. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಕಾರಿಗೆ ಮುಚ್ಚಿದ ಪೆಟ್ಟಿಗೆ ಒಗ್ಗುವುದು ಇದರಿಂದಲೇ. ಗಾಜು, ಬಾಗಿಲು, ಸೀಟು ಒಂದಿಷ್ಟು ದನಿ ಸೋರಿಸುತ್ತವೆ. ಸೆಡಾನ್‌ನಲ್ಲಿ ಹಿಂದಿನ ಸೀಟಿನ ತಡೆಯೂ ಇದೆ. ಹಾಗಾಗಿ ಪೂರ್ತಿ 12 ಸಿಗುವುದಿಲ್ಲ, ಆದರೆ ಆ 41 ಹರ್ಟ್ಸ್‌ಗೆ ಸಿಕ್ಕಿದಷ್ಟು ಧಾರಾಳ. ರಂಧ್ರದ ಪೆಟ್ಟಿಗೆ ಸ್ಥಾಯಿಗೆ 24 ಡೆಸಿಬೆಲ್ ವೇಗದಲ್ಲಿ ಇಳಿಯುವುದರಿಂದ ಈ ಜೋಡಿ ಅಷ್ಟು ಚೆನ್ನಾಗಿ ಕೂಡುವುದಿಲ್ಲ.

ಅಭಾಕ್ಕೆ ರಜೆಯಲ್ಲಿ ಹೋಗುವವರಿಗೆ ಒಂದು ಸ್ವಾರಸ್ಯ. ಗಾಳಿಯ ಸ್ಪ್ರಿಂಗ್‌ನ ಬಿಗಿ ಗಾಳಿಯ ಒತ್ತಡದ ಮೇಲೆ ನಿಂತಿದೆ, ಬಿಸಿಯ ಮೇಲಲ್ಲ. ದಮ್ಮಾಮ್‌ನ ಆಗಸ್ಟ್ ಬಿಸಿಲಿಗೆ ಅದು ಜಗ್ಗುವುದಿಲ್ಲ. ಆದರೆ ಸುಮಾರು 2200 ಮೀಟರ್ ಎತ್ತರದ ಅಭಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ ಕಾಲು ಭಾಗ ಕಡಿಮೆ. ಲೆಕ್ಕ ಹಾಕಿದರೆ ನಮ್ಮ ಪೆಟ್ಟಿಗೆಯ ಕ್ಯೂಟಿಸಿ ಅಲ್ಲಿ 0.71ರಿಂದ 0.66ಕ್ಕೆ ಇಳಿಯುತ್ತದೆ. ಅಂದರೆ ಘಾಟಿ ಹತ್ತಿದರೆ ಪೆಟ್ಟಿಗೆ ಇನ್ನಷ್ಟು ಸೌಮ್ಯವಾಗುತ್ತದೆ!

ಮರ ಕೊಯ್ಯುವ ಮುನ್ನ

ತಂತ್ರಾಂಶ ಹೇಳುವ 27.2 ಲೀಟರ್ ನಿವ್ವಳ ಗಾಳಿ. ಪೆಟ್ಟಿಗೆಯೊಳಗೆ ತೂರುವ ಸ್ಪೀಕರಿನ ಅಯಸ್ಕಾಂತ, ಚೌಕಟ್ಟು ಸುಮಾರು ಒಂದೂವರೆ ಲೀಟರ್ ತಿನ್ನುತ್ತವೆ. ಒಳಗೆ ಹಾಕುವ ಆಧಾರದ ಪಟ್ಟಿಗೆ ಮುಕ್ಕಾಲು ಲೀಟರ್. ಒಟ್ಟು 29.4 ಲೀಟರ್ ಆದರೆ ಸರಿ. ಒಳ ಅಳತೆ 40 ಸೆಂಟಿಮೀಟರ್ ಉದ್ದ, 32 ಎತ್ತರ, 23 ಆಳ ಇಟ್ಟರೆ 29.4 ಬರುತ್ತದೆ. 18 ಮಿಲಿಮೀಟರ್ ದಪ್ಪದ ಎಂಡಿಎಫ್ ಬಳಸಿದರೆ ಹೊರ ಅಳತೆ 43.6, 35.6, 26.6. ಡಿಕ್ಕಿಯಲ್ಲಿ ಇದು ಹಿಡಿಯುವ ಜಾಗ 41 ಲೀಟರ್. 450 ಲೀಟರಿನ ಡಿಕ್ಕಿಯಾದರೆ ಹನ್ನೊಂದರಲ್ಲಿ ಒಂದು ಪಾಲು.

ಅಂಕಿ ನೋಡಿ ಒಪ್ಪುವ ಹೆಂಗಸಲ್ಲ ನಮ್ಮವಳು. ಸೂಪರ್ ಮಾರ್ಕೆಟ್ಟಿನಿಂದ ತಂದ ರಟ್ಟಿನ ಡಬ್ಬವನ್ನು ಅದೇ ಅಳತೆಗೆ ಕತ್ತರಿಸಿ, ಅಂಟಿಸಿ, ಡಿಕ್ಕಿಯಲ್ಲಿ ಹಿಂದಿನ ಸೀಟಿಗೆ ಆನಿಸಿ ಇಟ್ಟಳು. ಒಂದು ವಾರ ಅದು ಅಲ್ಲೇ ಇರಬೇಕು ಎಂದಳು. ವಾರದ ಸಾಮಾನು ಬಂತು, ಅಕ್ಕಿ ಚೀಲ ಬಂತು, ನೀರಿನ ಕ್ಯಾನ್ ಬಂತು. ಎರಡು ಸೂಟ್‌ಕೇಸ್ ಇಟ್ಟು ನೋಡಿದ್ದಾಯಿತು. ಸ್ಟೆಪ್ನಿ ಟೈರ್ ತೆಗೆಯಲು ಅಡ್ಡ ಬರುತ್ತದೆಯೇ ಎಂದೂ ನೋಡಿದ್ದಾಯಿತು. ಏಳನೇ ದಿನ "ಸರಿ, 27ಕ್ಕೇ ಮಾಡ್ಸಿ" ಎಂದು ಅಪ್ಪಣೆ ಸಿಕ್ಕಿತು. ಈ ಇಡೀ ಲೇಖನದಲ್ಲಿ ನೀವು ಒಂದೇ ಸಲಹೆ ನೆನಪಿಟ್ಟುಕೊಳ್ಳುವುದಾದರೆ ಈ ರಟ್ಟಿನ ಡಬ್ಬವನ್ನು ನೆನಪಿಟ್ಟುಕೊಳ್ಳಿ. ತಂತ್ರಾಂಶಕ್ಕೆ ದನಿ ಗೊತ್ತು, ನಿಮ್ಮ ಸಂಸಾರದ ಸಾಮಾನು ಗೊತ್ತಿಲ್ಲ.

ಬಡಗಿಗೆ ಕೊಟ್ಟ ಚೀಟಿ ಹೀಗಿತ್ತು: 43.6ಕ್ಕೆ 35.6 ಅಳತೆಯ ಹಲಗೆ ಎರಡು (ಮುಂದೆ, ಹಿಂದೆ), 43.6ಕ್ಕೆ 23 ಎರಡು (ಮೇಲೆ, ಕೆಳಗೆ), 32ಕ್ಕೆ 23 ಎರಡು (ಪಕ್ಕ). ಎಂಟಡಿ ನಾಲ್ಕಡಿ ಹಾಳೆಯ ಕಾಲು ಭಾಗಕ್ಕಿಂತ ಕಡಿಮೆ ಮರ. ನಿಮ್ಮ ಸೀಟು ಓರೆಯಾಗಿದ್ದರೆ ಪೆಟ್ಟಿಗೆಯ ಬೆನ್ನನ್ನೂ ಓರೆ ಮಾಡಿಸಬಹುದು. ಇಷ್ಟು ತಗ್ಗಿನ ದನಿಗೆ ಆಕಾರ ಮುಖ್ಯವಲ್ಲ, ಲೀಟರ್ ಮುಖ್ಯ.

ಅಂಟು ಒಣಗಿದ ಮೇಲೆ ಒಳಗಿನ ಎಲ್ಲ ಮೂಲೆಗೂ ಸಿಲಿಕೋನ್ ಎಳೆಯಬೇಕು. ವೈರು ಹೊರಬರುವ ತೂತೂ ಮುಚ್ಚಬೇಕು. ಗಾಳಿ ಸೋರಿದರೆ ಸ್ಪ್ರಿಂಗಿನ ಹಿಡಿತ ಕಡಿಮೆಯಾಯಿತು, ಉಸ್ ಎನ್ನುವ ಸದ್ದು ಬಂತು. ಪೆಟ್ಟಿಗೆ ಲೆಕ್ಕಕ್ಕಿಂತ ತುಸು ಸಣ್ಣದಾಗಲೇಬೇಕಾದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ. ಸ್ಪೀಕರಿಗೆ ಪೆಟ್ಟಿಗೆ ಹತ್ತು ಹದಿನೈದು ಶೇಕಡಾ ದೊಡ್ಡದಾದಂತೆ ಅನಿಸುತ್ತದೆ.

ನಮ್ಮ ಊರಿನ ತೇವ, ನಮ್ಮ ರಸ್ತೆಯ ವೇಗ

ಜುಬೈಲ್, ದಮ್ಮಾಮ್, ಜಿದ್ದಾದಂಥ ಕಡಲ ಊರುಗಳಲ್ಲಿ ಎಂಡಿಎಫ್‌ಗೆ ಶತ್ರು ಬಿಸಿಲಿಗಿಂತ ತೇವ. ಕೊಯ್ದ ಅಂಚುಗಳು ನೀರು ಕುಡಿದು ಊದಿಕೊಳ್ಳುತ್ತವೆ. ಕಾರ್ಪೆಟ್ ಅಂಟಿಸುವ ಮೊದಲು ಅಂಚುಗಳಿಗೆ ಎರಡು ಕೈ ವಾರ್ನಿಷ್ ಹಾಕಿಸಿ.

ಎರಡನೆಯದು ಹೆಚ್ಚು ಮುಖ್ಯ. ಮರ ಸುಮಾರು ಒಂಬತ್ತು ಕಿಲೋ, ಸ್ಪೀಕರ್ ಐದಾರು ಕಿಲೋ, ಒಟ್ಟು ಪೆಟ್ಟಿಗೆಯ ತೂಕ 15 ಕಿಲೋ. ಹೆದ್ದಾರಿಯಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಅದು ನೇರ ನುಗ್ಗುವುದು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಬೆನ್ನಿಗೆ. ಆದ್ದರಿಂದ ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟ್ ಬಿಗಿಸಿ, ಇಲ್ಲವೇ ಡಿಕ್ಕಿಯ ಕೊಕ್ಕೆಗಳಿಗೆ ಬೆಲ್ಟಿನಿಂದ ಕಟ್ಟಿ. ತೂತು ಕೊರೆಯುವ ಮೊದಲು ಕೆಳಗೆ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂದು ನೋಡಿಕೊಳ್ಳಿ.

ಮೂರನೆಯದು ವಿದ್ಯುತ್ತು. 300 ವ್ಯಾಟಿನ ಆಂಪ್ಲಿಫೈಯರ್ ದಕ್ಷತೆ 80 ಶೇಕಡಾ ಇದ್ದರೂ ಪೂರ್ತಿ ದನಿಯಲ್ಲಿ 27 ಆಂಪಿಯರ್ ಎಳೆಯುತ್ತದೆ. ತೆಳು ವೈರು ಕಾದು ಕರಗುತ್ತದೆ. ಆಂಪ್ಲಿಫೈಯರಿನ ಪುಸ್ತಿಕೆ ಹೇಳಿದ ದಪ್ಪದ ತಾಮ್ರದ ವೈರನ್ನೇ ಎಳೆಸಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನಲ್ಲ, ಕಾರಿಗೆ ಬೆಂಕಿ ಹತ್ತದಂತೆ ವೈರನ್ನು.

ಕಿವಿ ನಮ್ಮದು, ಬೀದಿ ಎಲ್ಲರದು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಿತಿ, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿಸಿದರೆ ಕೇಳಬಹುದಾದ ಸಮಯ ಅರ್ಧ. ಕಿವಿಯ ಒಳಗಿನ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಗನಿಗೆ ಈ ಮಾತು ಉಪದೇಶದಂತೆ ಹೇಳಿದ್ದರೆ ನಾಟುತ್ತಿರಲಿಲ್ಲ. ಪೆಟ್ಟಿಗೆ ಕೂತ ಮೇಲೆ ಅವನೇ ಗಮನಿಸಿದ: ಹೆದ್ದಾರಿಯಲ್ಲಿ 26ರಲ್ಲಿ ಇರುತ್ತಿದ್ದ ವಾಲ್ಯೂಮ್ ಈಗ 19ರಲ್ಲೇ ಸಾಕಾಗುತ್ತಿದೆ. ತಗ್ಗು ದನಿ ತನ್ನ ಜಾಗದಲ್ಲಿ ಇದ್ದರೆ ಉಳಿದದ್ದನ್ನು ಕೂಗಿಸುವ ಅಗತ್ಯವಿಲ್ಲ.

ಬೀದಿಯ ಮಾತೂ ಇದೆ. ಸೌದಿಯಲ್ಲಿ 2019ರಲ್ಲಿ ಜಾರಿಗೆ ಬಂದ ಸಾರ್ವಜನಿಕ ಸಭ್ಯತೆಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಜೋರಾಗಿ ಸಂಗೀತ ಹಾಕುವುದಕ್ಕೂ ನಮಾಜಿನ ಹೊತ್ತಿನಲ್ಲಿ ಸಂಗೀತ ಹಾಕುವುದಕ್ಕೂ ದಂಡವಿದೆ. ದಂಡದ ಭಯಕ್ಕಿಂತ ನೆರೆಯವರ ಮರ್ಯಾದೆ ದೊಡ್ಡದು. ತಗ್ಗು ದನಿ ಗೋಡೆಯನ್ನೂ ದಾಟಿ ಹೋಗುತ್ತದೆ. ಬಡಾವಣೆಗೆ ತಿರುಗುವ ಮೊದಲೇ ಸಬ್‌ವೂಫರಿನ ಗುಂಡಿ ತಿರುಗಿಸಿ ಇಳಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಈಗ ಸೀಟ್‌ಬೆಲ್ಟ್ ಹಾಕುವಷ್ಟೇ ಸಹಜ.

ಈ ಕೆಲಸದಲ್ಲಿ ನನಗೆ ಸಿಕ್ಕಿದ ದೊಡ್ಡ ಲಾಭ ದನಿಯೊಂದೇ ಅಲ್ಲ. ಇಂದಿನ ಹುಡುಗರ ಜೊತೆ ಅರ್ಧ ಗಂಟೆ ಒಂದೇ ಪರದೆ ನೋಡುತ್ತಾ ಕೂರುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಲೀಟರ್ ಲೆಕ್ಕದ ನೆಪದಲ್ಲಿ ನಾವು ನಾಲ್ಕು ಸಂಜೆ ಕೂತೆವು. ಪೆಟ್ಟಿಗೆ ಪರೀಕ್ಷೆಗೆಂದು 'ಗೀತಾ' ಹಾಡುಗಳನ್ನು ಹತ್ತು ಸಲ ಕೇಳಿದ ಹುಡುಗ ಈಗ ಆ ಚಿತ್ರದ ಬೇಸ್ ಗಿಟಾರಿನ ಓಟವನ್ನು ಬಾಯಲ್ಲೇ ಗುನುಗುತ್ತಾನೆ. ನಾನು ಹತ್ತು ವರ್ಷ ಹೇಳಿದ್ದರೂ ಅವನು ಆ ಹಾಡು ಕೇಳುತ್ತಿರಲಿಲ್ಲ.

ನಿಮ್ಮಲ್ಲೂ ಮನೆಯಲ್ಲಿ ಇಂಥ ವಾದ ನಡೆದಿದ್ದರೆ ಅಂಗಡಿಗೆ ಓಡುವ ಮುನ್ನ ಆ ಮೂರು ಅಂಕಿ ಬರೆದುಕೊಳ್ಳಿ, ಒಂದು ರಟ್ಟಿನ ಡಬ್ಬ ಹುಡುಕಿ. ಲೆಕ್ಕದಲ್ಲಿ ಅನುಮಾನ ಬಂದರೆ ಮುಂದಿನ ಸ್ನೇಹಕೂಟಕ್ಕೆ ಅಂಕಿಗಳ ಚೀಟಿ ತನ್ನಿ, ಕಾಫಿ ಕುಡಿಯುತ್ತಾ ಬಿಡಿಸೋಣ. ಡಿಕ್ಕಿಯ ಅಳತೆಯನ್ನು ಮಾತ್ರ ಮನೆಯವರನ್ನೇ ಕೇಳಿ ತನ್ನಿ!